ದಿನದ ಓಡಾಟಕ್ಕೆ ಹೊಸ ಸೈಕಲ್: ಆರಿಸುವುದು, ಮೈಗೆ ಹೊಂದಿಸುವುದು, ಮೊದಲ ಸವಾರಿ

ಸೈಕಲ್ ಅಂಗಡಿಯೊಳಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಆಮೇಲೆ ಗೇರುಗಳ ಸಂಖ್ಯೆ, ಅದಾದ ಮೇಲೆ ಮುಂದಿನ ದಪ್ಪ ಶಾಕ್ ಅಬ್ಸಾರ್ಬರ್. ದಿನವೂ ಕೆಲಸಕ್ಕೆ ಹೋಗಿಬರುವವರಿಗೆ ಬೇಕಾದ ಕ್ರಮವೇ ಬೇರೆ. ಮೊದಲು ಸೈಕಲ್ಲಿನ ಅಳತೆ ನಿಮ್ಮ ಮೈಗೆ ಹೊಂದಬೇಕು. ನಂತರ ಟೈರು, ಬ್ರೇಕು, ಮಡ್‌ಗಾರ್ಡು, ಕ್ಯಾರಿಯರು. ಗೇರು ಎಷ್ಟು ಎಂಬುದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಉತ್ಸಾಹದಿಂದ ಕೊಂಡ ಎಷ್ಟೋ ಸೈಕಲ್ಲುಗಳು ಮೂರು ತಿಂಗಳಿಗೆ ಮೂಲೆ ಸೇರುತ್ತವೆ. ಅದಕ್ಕೆ ಸವಾರರ ಸೋಮಾರಿತನಕ್ಕಿಂತ ಈ ಕ್ರಮ ಅದಲುಬದಲಾಗುವುದೇ ಹೆಚ್ಚು ಕಾರಣ ಎಂಬುದು ನನ್ನ ನಂಬಿಕೆ.

ದಾರಿ ನೋಡಿ ಸೈಕಲ್ ಆರಿಸಿ

ಅಂಗಡಿಗೆ ಹೊರಡುವ ಮೊದಲೇ ಒಂದು ಹಾಳೆಯಲ್ಲಿ ಕೆಲವು ಸಂಗತಿ ಬರೆದುಕೊಳ್ಳಿ. ಹೋಗಬೇಕಾದ ದೂರ ಎಷ್ಟು? ದಾರಿಯಲ್ಲಿ ಏರು ಎಷ್ಟಿದೆ, ಡಾಂಬರು ಹೇಗಿದೆ? ಜೊತೆಗೆ ಏನೇನು ಒಯ್ಯಬೇಕು? ಮನೆಯಲ್ಲಿ ಮತ್ತು ಕೆಲಸದ ಜಾಗದಲ್ಲಿ ಸೈಕಲ್ಲನ್ನು ಎಲ್ಲಿ ಇಡುತ್ತೀರಿ?

ದೂರದ ಲೆಕ್ಕ ಸುಲಭ. ಸಿಗ್ನಲ್ಲುಗಳಲ್ಲಿ ನಿಲ್ಲುವುದೂ ಸೇರಿದಂತೆ ಊರೊಳಗೆ ಆರಾಮವಾಗಿ ತುಳಿಯುವವರ ಸರಾಸರಿ ವೇಗ ಗಂಟೆಗೆ 15 ಕಿ.ಮೀ. ಆಸುಪಾಸು. ಐದು ಕಿ.ಮೀ. ದೂರಕ್ಕೆ 20 ನಿಮಿಷ, ಎಂಟು ಕಿ.ಮೀ.ಗೆ ಅರ್ಧ ಗಂಟೆಗಿಂತ ತುಸು ಹೆಚ್ಚು ಎಂದು ಹಿಡಿಯಬಹುದು.

ಇಡುವ ಜಾಗದ ಪ್ರಶ್ನೆಯನ್ನು ಹೆಚ್ಚಿನವರು ಮರೆಯುತ್ತಾರೆ, ಆದರೆ ಅನೇಕ ಸಲ ಆಯ್ಕೆಯನ್ನು ನಿರ್ಧರಿಸುವುದು ಅದೇ. ಮಡ್‌ಗಾರ್ಡು, ಕ್ಯಾರಿಯರುಗಳಿರುವ ಉಕ್ಕಿನ ಸೈಕಲ್ಲಿನ ತೂಕ 16–18 ಕಿಲೋ ಇರಬಹುದು. ಅಲ್ಯೂಮಿನಿಯಂ ಚೌಕಟ್ಟಿನ ಸಾಧಾರಣ ಹೈಬ್ರಿಡ್ (ರೋಡ್ ಬೈಕಿಗೂ ಮೌಂಟನ್ ಬೈಕಿಗೂ ನಡುವಿನ ಬಗೆ) 11ರಿಂದ 14 ಕಿಲೋ ತೂಗುತ್ತದೆ. ಬ್ಯಾಟರಿ ಸೈಕಲ್ಲುಗಳಲ್ಲಿ 20 ಕಿಲೋ ದಾಟಿದವೇ ಹೆಚ್ಚು. ಎರಡನೆಯ ಮಹಡಿಗೆ ಮೆಟ್ಟಿಲಲ್ಲಿ ಎತ್ತಿಕೊಂಡು ಹೋಗಬೇಕಾದವರು ಈ ಅಂಕಿಗಳನ್ನು ಓದಿದರೆ ಸಾಲದು. ಅಂಗಡಿಯಲ್ಲೇ ಸೈಕಲ್ಲನ್ನು ಒಮ್ಮೆ ಎತ್ತಿ ನೋಡಬೇಕು.

ಯಾವ ಬಗೆಯದು?

ಬಾಗಿದ ಹ್ಯಾಂಡಲ್, ತೆಳು ಟೈರುಗಳ ರೋಡ್ ಬೈಕು ವೇಗಕ್ಕೆಂದೇ ಮಾಡಿದ್ದು. ಅದರಲ್ಲಿ ಮುಂದಕ್ಕೆ ಬಾಗಿ ಕುಳಿತುಕೊಳ್ಳಬೇಕು, ಕ್ಯಾರಿಯರ್ ಕೂರಿಸಲು ಬಹುಪಾಲು ಜಾಗವಿರುವುದಿಲ್ಲ. ಮೌಂಟನ್ ಬೈಕು ಕಲ್ಲುಮಣ್ಣಿನ ದಾರಿಗೆ ಸರಿ. ಡಾಂಬರಿನ ಮೇಲೆ ಅದರ ಉಬ್ಬುತಗ್ಗಿನ ಟೈರುಗಳು ಗುಂಯ್‌ಗುಡುತ್ತಾ ಕಾಲಿನ ಶಕ್ತಿಯನ್ನು ನುಂಗುತ್ತವೆ. ಇವೆರಡರ ನಡುವಿನದು ಹೈಬ್ರಿಡ್: ನೇರ ಹ್ಯಾಂಡಲ್, ಮಧ್ಯಮ ಅಗಲದ ಟೈರು, ಹೆಚ್ಚು ಬಾಗದೆ ಕೂರುವ ಭಂಗಿ. ಬೆನ್ನು ನೆಟ್ಟಗಿಟ್ಟು ಕೂರುವ ಸಿಟಿ ಸೈಕಲ್ಲಿನಲ್ಲಿ ಚೈನಿಗೆ ಮುಚ್ಚಳ, ಮಡ್‌ಗಾರ್ಡು, ಸ್ಟ್ಯಾಂಡು ಮೊದಲೇ ಇರುತ್ತವೆ. ಸಮತಟ್ಟಾದ, ಹತ್ತಿರದ ದಾರಿಗೆ ಅದಕ್ಕಿಂತ ಹಿತವಾದದ್ದಿಲ್ಲ. ಅರ್ಧ ದಾರಿ ರೈಲು ಅಥವಾ ಬಸ್ಸಿನಲ್ಲಿ ಹೋಗುವವರು 16 ಅಥವಾ 20 ಇಂಚಿನ ಚಕ್ರಗಳ ಮಡಚುವ ಸೈಕಲ್ ನೋಡಬಹುದು. ಏರು ಹೆಚ್ಚಿದ್ದರೆ, ಮೊಣಕಾಲು ನೋವಿದ್ದರೆ ಬ್ಯಾಟರಿ ಸೈಕಲ್ ಕೊಳ್ಳಲು ಹಿಂಜರಿಯಬೇಡಿ. ತುಳಿಯದೇ ಇರುವುದಕ್ಕಿಂತ ಮೋಟಾರಿನ ನೆರವಿನಿಂದ ತುಳಿಯುವುದು ಎಷ್ಟೋ ಮೇಲು.

ಮುಂದಿನ ಶಾಕ್ ಅಬ್ಸಾರ್ಬರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರ ಹಣ ವ್ಯರ್ಥವಾಗುವುದು ಇಲ್ಲೇ. ಕಡಿಮೆ ಬೆಲೆಯ ಸೈಕಲ್ಲುಗಳ ಶಾಕ್ ಅಬ್ಸಾರ್ಬರ್‌ನಲ್ಲಿ ಇರುವುದು ಒಂದು ಸ್ಪ್ರಿಂಗ್ ಅಷ್ಟೇ. ಸಣ್ಣ ಕುಲುಕಾಟಗಳನ್ನು ಅದು ಹೀರುವುದೇ ಇಲ್ಲ. ಏರಿನಲ್ಲಿ ಎದ್ದು ನಿಂತು ತುಳಿದರೆ ನಿಮ್ಮ ಬಲದಲ್ಲಿ ಒಂದಿಷ್ಟು ಅದನ್ನು ಕುಣಿಸುವುದಕ್ಕೇ ಹೋಗುತ್ತದೆ. ತೂಕವೂ ಒಂದೆರಡು ಕಿಲೋ ಹೆಚ್ಚುತ್ತದೆ. ರಸ್ತೆಯ ಕುಲುಕಾಟಕ್ಕೆ ನಿಜವಾದ ಮದ್ದು ಗಾಳಿ ತುಂಬಿದ ಟೈರು. ಅದು ಬಳಕೆಗೆ ಬಂದದ್ದೇ ಈ ಕಾರಣಕ್ಕೆ. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ ಕುಲುಕದಿರಲೆಂದು ರೂಪಿಸಿದ ಗಾಳಿಯ ಟೈರಿಗೆ 1888ರಲ್ಲಿ ಪೇಟೆಂಟ್ ಪಡೆದರು. ಶಾಕ್ ಅಬ್ಸಾರ್ಬರ್ ಇಲ್ಲದ ಗಟ್ಟಿ ಫೋರ್ಕಿನ (ಮುಂದಿನ ಚಕ್ರವನ್ನು ಹಿಡಿದಿರುವ ಕವಲಿನ) ಸೈಕಲ್ ಕೊಂಡು, ಉಳಿದ ಹಣವನ್ನು ಒಳ್ಳೆಯ ಟೈರಿಗೆ ಹಾಕಿ.

ಮೈಗೆ ಹೊಂದುವ ಅಳತೆ

ಎಷ್ಟೇ ಒಳ್ಳೆಯ ಸೈಕಲ್ಲಾದರೂ ಅಳತೆ ತಪ್ಪಿದರೆ ಅದು ಮೊಣಕಾಲಿಗೆ, ಸೊಂಟಕ್ಕೆ, ಅಂಗೈಗೆ ನೋವು ಕೊಡುತ್ತದೆ. ನಿಮ್ಮ ಕಾಲಿನ ಒಳ ಅಳತೆಯನ್ನು ಮನೆಯಲ್ಲೇ ತೆಗೆದುಕೊಳ್ಳಿ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ಪಾದಗಳ ನಡುವೆ ಒಂದು ಗೇಣಿಗಿಂತ ಕಡಿಮೆ ಅಂತರವಿಟ್ಟು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಸೀಟಿನಂತೆ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚು ಗೋಡೆಗೆ ತಾಗುವಲ್ಲಿ ಗುರುತು ಮಾಡಿ, ನೆಲದಿಂದ ಅಲ್ಲಿಯವರೆಗೆ ಅಳೆಯಿರಿ.

ಈ ಒಂದು ಅಳತೆಯಿಂದ ಎರಡು ಕೆಲಸವಾಗುತ್ತದೆ. ಸೈಕಲ್ಲನ್ನು ಕಾಲುಗಳ ನಡುವೆ ಇಟ್ಟು ಎರಡೂ ಪಾದ ನೆಲಕ್ಕೂರಿ ನಿಂತಾಗ ಮೇಲಿನ ಅಡ್ಡ ಕೊಳವೆಗೂ ನಿಮಗೂ ನಡುವೆ ಕನಿಷ್ಠ ಎರಡರಿಂದ ಐದು ಸೆಂ.ಮೀ. ಅಂತರ ಇರಬೇಕು. ಹಠಾತ್ತನೆ ಕೆಳಗೆ ಕಾಲಿಟ್ಟಾಗ ಈ ಅಂತರದ ಬೆಲೆ ತಿಳಿಯುತ್ತದೆ. ಎರಡನೆಯದು ಸೀಟಿನ ಎತ್ತರ. ಕಾಲಿನ ಒಳ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲುಗಳ ಎರಡೂ ತೋಳು (ಕ್ರ್ಯಾಂಕು) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ಅಂತರ ಸುಮಾರಾಗಿ ಸಿಗುತ್ತದೆ. ಒಳ ಅಳತೆ 80 ಸೆಂ.ಮೀ. ಇದ್ದವರಿಗೆ ಇದು 70.6 ಸೆಂ.ಮೀ. ಇದು ಆರಂಭದ ಅಂದಾಜು ಮಾತ್ರ; ಕೊನೆಯ ತೀರ್ಪು ಕಾಲಿನದೇ. ಗೋಡೆಗೆ ಒರಗಿಕೊಂಡು ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಅದನ್ನು ಅತ್ಯಂತ ಕೆಳಕ್ಕೆ ತನ್ನಿ. ಆಗ ಕಾಲು ನೇರವಾಗಿರಬೇಕು. ನಂತರ ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟರೆ ಮೊಣಕಾಲು ತಾನಾಗಿ ಸ್ವಲ್ಪ ಮಡಚಿಕೊಳ್ಳುತ್ತದೆ. ತುಳಿಯುವಾಗ ಸೊಂಟ ಅತ್ತಿತ್ತ ಓಲಾಡಿದರೆ ಸೀಟು ಎತ್ತರವಾಯಿತೆಂದೂ, ಮೊಣಕಾಲಿನ ಮುಂಭಾಗ ನೋಯತೊಡಗಿದರೆ ಸೀಟು ತಗ್ಗಿರಬಹುದೆಂದೂ ತಿಳಿಯಿರಿ.

ಸೀಟಿನ ಮೇಲೆ ಕುಳಿತಾಗ ಎರಡೂ ಪಾದ ಪೂರ್ತಿಯಾಗಿ ನೆಲಕ್ಕೆ ತಾಗಬೇಕು ಎಂಬ ಆಸೆ ಹೊಸಬರಲ್ಲಿ ಬಲವಾಗಿರುತ್ತದೆ. ಹಾಗೆ ತಗ್ಗಿಸಿದ ಸೀಟಿನಲ್ಲಿ ಮೊಣಕಾಲು ಪ್ರತಿ ಸುತ್ತಿಗೂ ಅತಿಯಾಗಿ ಮಡಚುತ್ತದೆ, ಬೇಗ ದಣಿಯುತ್ತದೆ. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಜಾರಿ ಕಾಲೂರುವುದೇ ಸರಿಯಾದ ಕ್ರಮ. ಧೈರ್ಯ ಬರುವವರೆಗೆ ಮೊದಲ ಕೆಲವು ದಿನ ಸೀಟನ್ನು ಎರಡು ಬೆರಳಿನಷ್ಟು ತಗ್ಗಿಸಿಟ್ಟುಕೊಳ್ಳಿ. ಆಮೇಲೆ ಏರಿಸಲು ಮರೆಯಬೇಡಿ.

ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು, ಭುಜ ಕಿವಿಯತ್ತ ಏರಬಾರದು. ಪೂರ್ತಿ ಕೈ ಚಾಚಬೇಕಾಗಿ ಬಂದರೆ ಆ ಚೌಕಟ್ಟು ನಿಮಗೆ ಉದ್ದ. ಒಬ್ಬ ತಯಾರಕರ ಮಧ್ಯಮ ಅಳತೆ ಇನ್ನೊಬ್ಬರ ಸಣ್ಣ ಅಳತೆಗೆ ಸಮನಾಗಿರಬಹುದು. ಹೀಗಾಗಿ ಚೀಟಿ ನೋಡಿ ಕೊಳ್ಳುವ ಬದಲು ಕುಳಿತು ನೋಡಿ ಕೊಳ್ಳಿ. ಸೀರೆ, ಲಂಗ ಅಥವಾ ಉದ್ದನೆಯ ಉಡುಪು ತೊಡುವವರಿಗೂ, ಕಾಲು ಎತ್ತಿ ದಾಟಿಸುವುದು ಕಷ್ಟವಾದವರಿಗೂ ಅಡ್ಡ ಕೊಳವೆ ಕೆಳಗಿರುವ ಚೌಕಟ್ಟು ಒಳ್ಳೆಯದು. ಅದನ್ನು ಹೆಂಗಸರ ಸೈಕಲ್ ಎಂದು ಗಂಡಸರು ದೂರವಿಡುವ ಅಗತ್ಯವಿಲ್ಲ. ಹಿಂದೆ ಹೊರೆ ಕಟ್ಟಿದಾಗ ಅದನ್ನು ಹತ್ತುವುದು ಎಲ್ಲರಿಗೂ ಸುಲಭ.

ಟೈರಿನ ಮೇಲಿನ ಅಂಕಿ

ಟೈರಿನ ಪಕ್ಕದಲ್ಲಿ 40-622 ಎಂಬಂಥ ಅಂಕಿ ಅಚ್ಚಾಗಿರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರು ರಿಮ್ಮಿನ ಮೇಲೆ ಕೂರುವಲ್ಲಿನ ವ್ಯಾಸ, ಎರಡೂ ಮಿ.ಮೀ.ಗಳಲ್ಲಿ. ಟ್ಯೂಬು, ಟೈರು ಕೊಳ್ಳುವಾಗ ಈ ಅಂಕಿ ಹೇಳಿದರೆ ಗೊಂದಲವಾಗದು. ಇಂಚಿನ ಲೆಕ್ಕದಲ್ಲಿ ಗೊಂದಲ ಬಹಳ: 700ಸಿ ಎನ್ನುವುದೂ 29 ಇಂಚು ಎನ್ನುವುದೂ ಅದೇ 622 ಮಿ.ಮೀ. ರಿಮ್ಮು.

ದಿನದ ಓಡಾಟಕ್ಕೆ 35ರಿಂದ 45 ಮಿ.ಮೀ. ಅಗಲದ, ಮೈ ಹೆಚ್ಚು ಒರಟಾಗಿರದ ಟೈರು ಹದವಾಗಿರುತ್ತದೆ. ಅಗಲ ಹೆಚ್ಚಿದಷ್ಟೂ ಕಡಿಮೆ ಒತ್ತಡದ ಗಾಳಿ ಸಾಕು. ಸುಮಾರು 70 ಕಿಲೋ ತೂಕದವರಿಗೆ 40 ಮಿ.ಮೀ. ಟೈರಿನಲ್ಲಿ 45ರಿಂದ 55 ಪಿ.ಎಸ್.ಐ. ಒಳ್ಳೆಯ ಆರಂಭ. ಭಾರ ಹೆಚ್ಚು ಬೀಳುವ ಹಿಂದಿನ ಚಕ್ರಕ್ಕೆ ತುಸು ಹೆಚ್ಚು ಇರಲಿ. ಟೈರಿನ ಮೇಲೆ ಅಚ್ಚಾದ ಗರಿಷ್ಠ ಮಿತಿಯನ್ನು ದಾಟಬೇಡಿ, ಕನಿಷ್ಠಕ್ಕಿಂತ ಕೆಳಗಿಳಿಯಲೂ ಬಿಡಬೇಡಿ. ಗಾಳಿ ಕಡಿಮೆಯಾದ ಟೈರು ಹಳ್ಳದ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಒಂದರ ಪಕ್ಕ ಒಂದರಂತೆ ಎರಡು ತೂತು ಬೀಳುತ್ತವೆ. ಮುಳ್ಳು ಚುಚ್ಚದೆಯೂ ಪಂಕ್ಚರ್ ಆಗುವುದು ಹೀಗೆ. ಟ್ಯೂಬಿನಿಂದ ಗಾಳಿ ತಾನಾಗಿಯೇ ಸ್ವಲ್ಪಸ್ವಲ್ಪ ಇಳಿಯುತ್ತಿರುವುದರಿಂದ ವಾರಕ್ಕೊಮ್ಮೆ ಪಂಪು ಹಿಡಿಯಲೇಬೇಕು.

ಬ್ರೇಕು, ಗೇರು

ರಿಮ್ಮನ್ನು ಹಿಡಿಯುವ ಬ್ರೇಕು ಸರಳ, ಹಗುರ, ಎಲ್ಲಿ ಬೇಕಾದರೂ ದುರಸ್ತಿಯಾಗುತ್ತದೆ. ಆದರೆ ಮಳೆಯಲ್ಲಿ ರಿಮ್ಮಿನ ನೀರು ಒರೆಸಿಕೊಂಡ ಮೇಲಷ್ಟೇ ಅದಕ್ಕೆ ಪೂರ್ತಿ ಹಿಡಿತ ಬರುತ್ತದೆ. ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕು ಮಳೆಯಲ್ಲೂ ಹೆಚ್ಚು ನಂಬಿಗಸ್ತ. ಅದರಲ್ಲಿ ತಂತಿಯದಕ್ಕಿಂತ ಎಣ್ಣೆಯ ಒತ್ತಡದ್ದು ಮೃದು, ಆದರೆ ದುರಸ್ತಿಗೆ ನುರಿತ ಕೈ ಬೇಕು. ಮಳೆ, ಇಳಿಜಾರು ಎರಡೂ ಇರುವ ದಾರಿಯಾದರೆ ನನ್ನ ಮತ ಡಿಸ್ಕಿಗೆ.

ಗೇರು ಸಮತಟ್ಟು ದಾರಿಯಲ್ಲಿ ಒಂದೇ ಇದ್ದರೂ ನಡೆಯುತ್ತದೆ. ಏರುಪೇರಿದ್ದರೆ ಹಿಂದೆ ಏಳೆಂಟು ಹಲ್ಲುಚಕ್ರ, ಮುಂದೆ ಒಂದು ಅಥವಾ ಎರಡು ಸಾಕು. 21 ಗೇರು ಎಂದರೆ 21 ಬೇರೆಬೇರೆ ಅನುಭವವಲ್ಲ, ಅವುಗಳಲ್ಲಿ ಅನೇಕವು ಒಂದನ್ನೊಂದು ಹೋಲುತ್ತವೆ. ಅತ್ಯಂತ ಹಗುರ ಗೇರಿನಲ್ಲಿ ನಿಮ್ಮ ದಾರಿಯ ಅತಿ ಕಡಿದಾದ ಏರನ್ನು ಕುಳಿತೇ ಹತ್ತಬಹುದೇ ಎಂಬುದಷ್ಟೇ ಮುಖ್ಯ.

ಕೊಳ್ಳುವ ಹೊತ್ತಿಗೆ

ಇಡೀ ಹಣವನ್ನು ಸೈಕಲ್ಲಿಗೇ ಸುರಿಯಬೇಡಿ. ಮಡ್‌ಗಾರ್ಡು, ಕ್ಯಾರಿಯರು, ಮುಂದೆ ಬಿಳಿ ಹಿಂದೆ ಕೆಂಪು ದೀಪ, ಬೆಲ್ಲು, ಬೀಗ, ಹೆಲ್ಮೆಟ್, ಪಂಪು, ಒಂದು ಹೆಚ್ಚುವರಿ ಟ್ಯೂಬು, ಟೈರು ಬಿಚ್ಚುವ ಪ್ಲಾಸ್ಟಿಕ್ ಲಿವರುಗಳು: ಇವುಗಳಿಗೆ ಮೊದಲೇ ಒಂದು ಪಾಲು ತೆಗೆದಿಡಿ. ಚೌಕಟ್ಟಿನಲ್ಲೂ ಫೋರ್ಕಿನಲ್ಲೂ ಮಡ್‌ಗಾರ್ಡು, ಕ್ಯಾರಿಯರುಗಳನ್ನು ಬಿಗಿಯುವ ತಿರುಪಿನ ತೂತುಗಳಿವೆಯೇ ಎಂದು ನೋಡಿಯೇ ಸೈಕಲ್ ಆರಿಸಿ. ಬೆನ್ನಿನ ಚೀಲ ಬೆವರು ಹೆಚ್ಚಿಸುತ್ತದೆ, ಭುಜಕ್ಕೂ ಭಾರ. ಕ್ಯಾರಿಯರಿನ ಪಕ್ಕಕ್ಕೆ ತೂಗುವ ಚೀಲದಲ್ಲಿ ಬಟ್ಟೆ, ಊಟದ ಡಬ್ಬಿ, ಲ್ಯಾಪ್‌ಟಾಪ್ ಎಲ್ಲವೂ ಹಿಡಿಯುತ್ತವೆ.

ಬೀಗದ ವಿಷಯದಲ್ಲಿ ಜಿಪುಣತನ ಬೇಡ. ತೆಳು ತಂತಿಯ ಬೀಗವನ್ನು ಕತ್ತರಿಸಲು ಹೆಚ್ಚು ಹೊತ್ತು ಬೇಡ. ಗಟ್ಟಿ ಉಕ್ಕಿನ ಯು ಆಕಾರದ ಬೀಗವನ್ನು ಚೌಕಟ್ಟು, ಹಿಂದಿನ ಚಕ್ರ ಮತ್ತು ಅಲುಗಾಡದ ಕಂಬ ಮೂರನ್ನೂ ಸೇರಿಸಿ ಹಾಕಬೇಕು. ಕ್ರ್ಯಾಂಕಿನ ಅಚ್ಚು ಇರುವ ಕೊಳವೆಯ ಕೆಳಗೆ ಸಾಮಾನ್ಯವಾಗಿ ಸೈಕಲ್ಲಿನ ಕ್ರಮಸಂಖ್ಯೆ ಕೊರೆದಿರುತ್ತದೆ. ಕೊಂಡ ದಿನವೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಡಬ್ಬದಲ್ಲಿ ಬಂದ ಸೈಕಲ್ಲನ್ನು ನೀವೇ ಜೋಡಿಸುವುದಾದರೆ ಎರಡು ತಪ್ಪುಗಳ ಬಗ್ಗೆ ಎಚ್ಚರವಿರಲಿ. ಎಡ ಪೆಡಲಿನ ತಿರುಪು ಉಲ್ಟಾ: ಬಲ ಪೆಡಲು ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿಯಾದರೆ ಎಡದ್ದು ಅದರ ವಿರುದ್ಧ ದಿಕ್ಕಿಗೆ. ಪೆಡಲುಗಳ ಮೇಲಿನ ‘ಎಲ್’, ‘ಆರ್’ ಗುರುತು ನೋಡಿ, ಮೊದಲ ಕೆಲವು ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ. ಬಲವಂತವಾಗಿ ಸ್ಪ್ಯಾನರ್ ಹಾಕಿದರೆ ಕ್ರ್ಯಾಂಕಿನ ತೂತಿನೊಳಗಿನ ತಿರುಪಿನ ಗೆರೆಗಳು ಹಾಳಾಗುತ್ತವೆ. ಇನ್ನೊಂದು, ಫೋರ್ಕ್ ಹಿಂದುಮುಂದಾಗುವುದು. ಫೋರ್ಕಿನ ಬಾಗು ಮುಂದಕ್ಕಿರಬೇಕು, ಮುಂದಿನ ಬ್ರೇಕು ಬಹುತೇಕ ಸೈಕಲ್ಲುಗಳಲ್ಲಿ ಫೋರ್ಕಿನ ಮುಂಬದಿಯಲ್ಲಿ ಅಥವಾ ಸವಾರರ ಎಡಕ್ಕೆ ಇರುತ್ತದೆ. ಸೀಟಿನ ಕಂಬದ ಮೇಲೆ ಗೆರೆಯೊಂದಿರುತ್ತದೆ, ಆ ಗೆರೆ ಹೊರಗೆ ಕಾಣುವಷ್ಟು ಅದನ್ನು ಮೇಲೆಳೆಯಬಾರದು. ಸಂದೇಹವಿದ್ದರೆ ಮೆಕ್ಯಾನಿಕ್ ಕೈಗೆ ಕೊಡಿ. ಈ ಖರ್ಚು ಎಂದೂ ದಂಡವಲ್ಲ.

ಮೊದಲ ಸವಾರಿ ಬಯಲಿನಲ್ಲಿ

ಹೊಸ ಸೈಕಲ್ಲಿನ ಮೊದಲ ಸವಾರಿ ಕೆಲಸದ ದಾರಿಯಲ್ಲಿ ಬೇಡ. ವಾಹನಗಳಿಲ್ಲದ ಮೈದಾನವೋ ಖಾಲಿ ರಸ್ತೆಯೋ ಸಿಗುವ ಹೊತ್ತು ನೋಡಿ ಹೊರಡಿ. ಹೊರಡುವ ಮುಂಚೆ, ಮತ್ತು ಮುಂದೆಯೂ ಪ್ರತಿದಿನ, ಒಂದು ನಿಮಿಷದ ಪರೀಕ್ಷೆ ಮಾಡಿ:

1. ಎರಡೂ ಟೈರುಗಳನ್ನು ಹೆಬ್ಬೆರಳಿನಿಂದ ಒತ್ತಿ ಗಾಳಿ ನೋಡಿ.
2. ಒಂದೊಂದೇ ಬ್ರೇಕು ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ. ಆ ಚಕ್ರ ತಿರುಗಬಾರದು, ಬ್ರೇಕಿನ ಹಿಡಿಕೆ ಹ್ಯಾಂಡಲ್‌ಗೆ ತಾಗಬಾರದು.
3. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಲು ಯತ್ನಿಸಿ. ಅದು ಅಲುಗಿದರೆ ತಿರುಪು ಸಡಿಲವಿದೆ.
4. ಚಕ್ರಗಳ ಬೋಲ್ಟು ಅಥವಾ ಬಿಗಿಯುವ ಲಿವರು ಭದ್ರವಾಗಿದೆಯೇ ನೋಡಿ. ಲಿವರನ್ನು ನಟ್ಟಿನಂತೆ ಸುತ್ತಿ ಬಿಡಬಾರದು, ಅಂಗೈಯಲ್ಲಿ ಅಚ್ಚು ಮೂಡುವಷ್ಟು ಒತ್ತಿ ಮಡಚಬೇಕು.

ಹೆಲ್ಮೆಟ್ ಹಣೆಯ ಮೇಲೆ, ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಸಮತಟ್ಟಾಗಿ ಕೂರಬೇಕು. ಹಿಂದಕ್ಕೆ ವಾಲಿದ ಹೆಲ್ಮೆಟ್ ಹಣೆಯನ್ನು ಕಾಯುವುದಿಲ್ಲ. ಒಮ್ಮೆ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ಟನ್ನು, ಬಿರುಕು ಕಾಣದಿದ್ದರೂ, ಬದಲಿಸಿ.

ಹೊರಡುವಾಗ ಒಂದು ಪಾದ ನೆಲದ ಮೇಲಿರಲಿ. ಇನ್ನೊಂದು ಬದಿಯ ಪೆಡಲನ್ನು ಮೇಲಕ್ಕೆ ತಂದು, ನೇರ ಮೇಲಿನಿಂದ ಸ್ವಲ್ಪ ಮುಂದಕ್ಕಿರುವಂತೆ ನಿಲ್ಲಿಸಿ ಅದರ ಮೇಲೆ ಪಾದವಿಡಿ. ಹಗುರ ಗೇರಿನಲ್ಲಿ ಆ ಪೆಡಲನ್ನು ಒತ್ತಿದರೆ ಸೈಕಲ್ ಮುಂದೆ ಸಾಗುತ್ತದೆ, ನೀವು ಸೀಟಿನ ಮೇಲೇರುತ್ತೀರಿ. ದೃಷ್ಟಿ ಮುಂದಿನ ಚಕ್ರದ ಮೇಲಲ್ಲ, ಹೋಗಬೇಕಾದ ಕಡೆ ಇರಲಿ.

ಅತಿ ಹೆಚ್ಚು ಅಭ್ಯಾಸ ಬೇಕಾದದ್ದು ನಿಲ್ಲುವುದಕ್ಕೆ. ಯಾವ ಕೈಯ ಹಿಡಿಕೆ ಯಾವ ಚಕ್ರದ್ದು ಎಂಬುದು ದೇಶದಿಂದ ದೇಶಕ್ಕೆ ಬೇರೆ, ಮೊದಲು ಅದನ್ನು ನೋಡಿಕೊಳ್ಳಿ. ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ಸರಿಯುತ್ತದೆ, ಹೀಗಾಗಿ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಚಕ್ರದ್ದು. ಮುಗುಚುವ ಭಯದಿಂದ ಹಿಂದಿನದನ್ನು ಮಾತ್ರ ಹಿಡಿಯುವವರು ತುರ್ತಿನಲ್ಲಿ ಸಾಕಷ್ಟು ಬೇಗ ನಿಲ್ಲಲಾರರು. ಹಿಂದಿನ ಚಕ್ರ ಜಾರುತ್ತದೆ, ಅಷ್ಟೇ. ಎರಡನ್ನೂ ಒಟ್ಟಿಗೆ, ಜಗ್ಗದೆ, ಹಂತಹಂತವಾಗಿ ಒತ್ತುತ್ತಾ ಸೊಂಟವನ್ನು ಹಿಂದಕ್ಕೆ ಸರಿಸಿ. ಮೊದಲು ನಿಧಾನ ವೇಗದಲ್ಲಿ, ಬಳಿಕ ವೇಗ ಹೆಚ್ಚಿಸುತ್ತಾ ಮಾಡಿ. ಡಿಸ್ಕ್ ಬ್ರೇಕಿಗೆ ಈ ಅಭ್ಯಾಸ ಇಮ್ಮಡಿ ಲಾಭ: ಹೊಸ ಪ್ಯಾಡು ಮತ್ತು ತಟ್ಟೆ ಒಂದಕ್ಕೊಂದು ಹೊಂದಿಕೊಳ್ಳಲು ಸಾಧಾರಣ ವೇಗದಿಂದ ಇಪ್ಪತ್ತು ಸಲವಾದರೂ ನಿಧಾನಿಸಬೇಕಾಗುತ್ತದೆ, ಅಲ್ಲಿಯವರೆಗೆ ಪೂರ್ತಿ ಹಿಡಿತ ಬಾರದು. ತಟ್ಟೆಯನ್ನು ಬೆರಳಿನಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ಬ್ರೇಕಿಗೆ ಶತ್ರು, ಬಿಸಿಯಾದ ತಟ್ಟೆ ಬೆರಳಿಗೆ ಶತ್ರು.

ಚೈನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಜಿಗಿಯುವ ಗೇರನ್ನು ತುಳಿಯುತ್ತಿರುವಾಗಲೇ, ಆದರೆ ಕಾಲಿನ ಒತ್ತಡ ಸಡಿಲಿಸಿ ಬದಲಿಸಬೇಕು. ಏರು ಶುರುವಾಗುವ ಮುಂಚೆ, ಸಿಗ್ನಲ್ಲಿನಲ್ಲಿ ನಿಲ್ಲುವ ಮುಂಚೆ ಹಗುರ ಗೇರಿಗೆ ಬನ್ನಿ. ಪೆಡಲು ನಿಮಿಷಕ್ಕೆ 60ರಿಂದ 80 ಸುತ್ತು ತಿರುಗುತ್ತಿದ್ದರೆ ಮೊಣಕಾಲು ಹಿತವಾಗಿರುತ್ತದೆ. ಕೊನೆಯದಾಗಿ, ನೇರ ಸಾಗುತ್ತಲೇ ಭುಜದ ಮೇಲಿಂದ ಹಿಂದೆ ತಿರುಗಿ ನೋಡುವುದು, ಒಂದು ಕೈ ಚಾಚಿ ಸನ್ನೆ ಮಾಡುವುದು. ಹಿಂದೆ ನೋಡಿದಾಗ ಸೈಕಲ್ಲೂ ಆ ಕಡೆಗೇ ವಾಲುವುದು ಸಹಜ. ಹಾಗೆ ವಾಲುವುದು ನಿಲ್ಲುವವರೆಗೂ ವಾಹನಗಳ ನಡುವೆ ಇಳಿಯಬೇಡಿ.

ರಜೆಯ ದಿನ ಪೂರ್ತಿ ದಾರಿ

ಕೆಲಸದ ದಾರಿಯನ್ನು ಮೊದಲು ರಜೆಯಂದು ತುಳಿದು ನೋಡಿ. ಕಾರಿಗೆ ಒಳ್ಳೆಯದಾದ ದಾರಿ ಸೈಕಲ್ಲಿಗೆ ಒಳ್ಳೆಯದಾಗಿರಲೇಬೇಕೆಂದಿಲ್ಲ. ಒಂದು ಕಿ.ಮೀ. ಸುತ್ತಾದರೂ ಸದ್ದಡಗಿದ ಒಳರಸ್ತೆ ಸಿಕ್ಕರೆ ಅದನ್ನೇ ಹಿಡಿಯಿರಿ, ದಿನವೂ ಸೈಕಲ್ ಹೊರತೆಗೆಯುವ ಮನಸ್ಸು ಉಳಿಯುವುದು ಅದರಿಂದಲೇ.

ರಸ್ತೆಯ ಅಂಚಿಗೆ ಅಂಟಿಕೊಂಡು ಹೋಗಬೇಡಿ. ಅಲ್ಲಿ ಮರಳು, ಗಾಜು, ಮೋರಿಯ ಜಾಲರಿ ಎಲ್ಲ ಸೇರಿರುತ್ತವೆ, ತಪ್ಪಿಸಿಕೊಳ್ಳಲು ಜಾಗವೂ ಇರುವುದಿಲ್ಲ. ನಿಂತ ಕಾರುಗಳಿಂದ ಒಂದು ಬಾಗಿಲಿನ ಅಗಲಕ್ಕಿಂತ ಹೆಚ್ಚು, ಅಂದರೆ ಒಂದರಿಂದ ಒಂದೂವರೆ ಮೀಟರ್, ದೂರವಿಡಿ. ತಿರುಗಲಿರುವ ಲಾರಿ ಅಥವಾ ಬಸ್ಸಿನ ಒಳಬದಿಗೆ ಎಂದೂ ನುಗ್ಗಬೇಡಿ. ಅದರ ಚಾಲಕರಿಗೆ ನೀವು ಕಾಣುವುದಿಲ್ಲ, ತಿರುವಿನಲ್ಲಿ ಅದರ ಹಿಂಚಕ್ರ ಒಳಕ್ಕೆ ಸರಿಯುತ್ತದೆ. ಅದು ಮುಂದೆ ಹೋಗುವವರೆಗೆ ಹಿಂದೆಯೇ ನಿಲ್ಲಿ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ರೈಲು ಹಳಿಗಳನ್ನು ಆದಷ್ಟು ಲಂಬವಾಗಿ ದಾಟಿ. ಒದ್ದೆಯಾದ ಕಬ್ಬಿಣದ ಮುಚ್ಚಳ, ಬಣ್ಣದ ಪಟ್ಟೆಗಳ ಮೇಲೆ ಬ್ರೇಕು ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ.

ಬೆವರಿನ ಚಿಂತೆ ಇದ್ದರೆ ಕೊನೆಯ ಹತ್ತು ನಿಮಿಷ ನಿಧಾನವಾಗಿ ತುಳಿಯಿರಿ. ಒಂದು ಅಂಗಿ, ಸಣ್ಣ ಟವೆಲ್ ಕೆಲಸದ ಜಾಗದಲ್ಲೇ ಇರಲಿ.

ಮೊದಲ ಕೆಲವು ವಾರ

ಆರಂಭದಲ್ಲಿ ಕುಳಿತುಕೊಳ್ಳುವ ಮೂಳೆಗಳ ಜಾಗ ನೋಯುವುದು ಸಹಜ, ಒಂದೆರಡು ವಾರದಲ್ಲಿ ಹೊಂದಿಕೊಳ್ಳುತ್ತದೆ. ಅದಕ್ಕೆ ಹೆದರಿ ಮೆತ್ತನೆಯ ದಪ್ಪ ಸೀಟು ಹಾಕಿಸಬೇಡಿ: ಮೂಳೆಗಳು ಅದರಲ್ಲಿ ಹೂತು, ಒತ್ತಡ ನಡುವಿನ ಸೂಕ್ಷ್ಮ ಭಾಗಕ್ಕೆ ಬೀಳುತ್ತದೆ. ಆದರೆ ಜೋಮು ಹಿಡಿಯುವುದು ಸಹಜವಲ್ಲ. ತೊಡೆಗಳ ನಡುವೆ ಜೋಮು ಹಿಡಿದರೆ ಸೀಟಿನ ಮೂತಿಯನ್ನು ಕೂದಲೆಳೆಯಷ್ಟು ತಗ್ಗಿಸಿ, ಎತ್ತರವನ್ನೂ ಇನ್ನೊಮ್ಮೆ ನೋಡಿ. ಅಂಗೈ ಜೋಮು ಹಿಡಿದರೆ ಭಾರ ಕೈಗಳ ಮೇಲೆ ಬೀಳುತ್ತಿದೆ ಎಂದರ್ಥ; ಹ್ಯಾಂಡಲ್ ಎತ್ತರಿಸಬೇಕು ಇಲ್ಲವೇ ಮುಂದಕ್ಕೆ ವಾಲಿದ ಸೀಟನ್ನು ಸಮಮಾಡಬೇಕು. ಒಂದು ಸಲಕ್ಕೆ ಒಂದನ್ನೇ, ಅದೂ ಕೆಲವೇ ಮಿ.ಮೀ. ಬದಲಿಸಿ.

ಹೊಸ ಸೈಕಲ್ಲಿನ ಬ್ರೇಕು, ಗೇರುಗಳ ತಂತಿ ಮೊದಲ ನೂರು, ನೂರೈವತ್ತು ಕಿ.ಮೀ.ಗಳಲ್ಲಿ ಸಡಿಲಗೊಳ್ಳುತ್ತದೆ. ಚಕ್ರದ ಕಡ್ಡಿಗಳೂ ತಮ್ಮ ಜಾಗದಲ್ಲಿ ಕುಳಿತುಕೊಳ್ಳುತ್ತವೆ. ಗೇರು ತಡವರಿಸಿದರೆ, ಬ್ರೇಕಿನ ಹಿಡಿಕೆ ಮೊದಲಿಗಿಂತ ಒಳಕ್ಕೆ ಬಂದರೆ ಸೈಕಲ್ ಕೆಟ್ಟಿತೆಂದು ಗಾಬರಿಯಾಗಬೇಡಿ. ಅಂಗಡಿಗೆ ಒಯ್ದು ತಂತಿ ಬಿಗಿಸಿ, ಕಡ್ಡಿಗಳ ಬಿಗಿ ನೋಡಿಸಿ, ಕ್ರ್ಯಾಂಕು ಮತ್ತು ಪೆಡಲುಗಳ ಬೋಲ್ಟುಗಳನ್ನು ಪರೀಕ್ಷೆ ಮಾಡಿಸಿ. ಸಡಿಲ ಕ್ರ್ಯಾಂಕಿನಲ್ಲಿ ತುಳಿಯುತ್ತಾ ಹೋದರೆ ಅದರ ತೂತೇ ಹಾಳಾಗಿ ಇಡೀ ಕ್ರ್ಯಾಂಕನ್ನು ಬದಲಿಸಬೇಕಾಗುತ್ತದೆ. ಟಕ್ ಎಂಬ ಸದ್ದು ಪ್ರತಿ ಸುತ್ತಿಗೂ ಒಮ್ಮೆ ಕೇಳಿಸಿದರೆ ಮೊದಲು ಅದನ್ನೇ ನೋಡಿ.

ಚೈನನ್ನು ಮಳೆಯಲ್ಲಿ ನೆನೆದ ದಿನ ಒಣ ಬಟ್ಟೆಯಿಂದ ಒರೆಸಿ, ಪ್ರತಿ ಕೊಂಡಿಗೆ ಒಂದು ಹನಿಯಂತೆ ಚೈನಿನ ಎಣ್ಣೆ ಬಿಟ್ಟು, ಪೆಡಲನ್ನು ಹಿಂದಕ್ಕೆ ಹತ್ತಿಪ್ಪತ್ತು ಸುತ್ತು ತಿರುಗಿಸಿ. ಐದು ನಿಮಿಷ ಬಿಟ್ಟು ಹೊರಗೆ ಉಳಿದ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಹೊರಗಿನ ಎಣ್ಣೆ ಧೂಳು ಹಿಡಿದು ಚೈನನ್ನೂ ಹಲ್ಲುಚಕ್ರವನ್ನೂ ಸವೆಸುತ್ತದೆ, ನಿಮ್ಮ ಪ್ಯಾಂಟಿನ ಅಂಚನ್ನೂ ಕಪ್ಪಾಗಿಸುತ್ತದೆ.